ಕೂರಲಾಗದ ಹೆಂಗಸರು

ಬ್ಲ್ಯಾಕ್‌ಬ್ರೂಕ್ ರಸ್ತೆ, ನ್ಯೂಯಾರ್ಕ್ ರಾಜ್ಯ
ಆಗಸ್ಟ್ 14, 1991

ಪ್ರೀತಿಯ ಓರ್ಫಕ್ಕ,

ಈ ಕಾಗದವನ್ನು ನಿಂತುಕೊಂಡು ಬರೆಯುತ್ತಿದ್ದೇನೆ. ಹಿಟ್ಟಿನ ಡಬ್ಬದ ಮುಚ್ಚಳವೇ ಮೇಜು, ಅಕ್ಷರ ಸೊಟ್ಟಗಾದರೆ ಬೈಯಬೇಡ. ಯಾಕೆ ನಿಂತಿದ್ದೇನೆ ಎಂದು ಹೇಳುವುದಕ್ಕೇ ಬರೆಯುತ್ತಿರುವುದು. ಓದಿದ ಮೇಲೆ ಒಲೆಗೆ ಹಾಕಿಬಿಡು. ರೂಬೆನ್ ಭಾವನಿಗೂ ಹೇಳಬೇಡ. ಅಮ್ಮನಿಗಂತೂ ಬೇಡವೇ ಬೇಡ.

ನನಗೆ ಮೂಲವ್ಯಾಧಿಯಾಗಿದೆ. ನೋಡು, ಬರೆದೇಬಿಟ್ಟೆ.

ಏಳು ತಿಂಗಳು ತುಂಬುವವರೆಗೆ ನನ್ನಷ್ಟು ಹಾಯಾಗಿದ್ದ ಬಸುರಿ ಈ ಹೊಸ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಎರಡು ವಾರದ ಹಿಂದೆ ಹಾಲು ಕರೆಯಲು ಮಣೆಯ ಮೇಲೆ ಕೂತೆ, ಗಾಜಿನ ಚೂರಿನ ಮೇಲೆ ಕೂತ ಹಾಗಾಯಿತು. ಮುಟ್ಟಿ ನೋಡಿಕೊಂಡರೆ ದ್ರಾಕ್ಷಿಯಷ್ಟು ದಪ್ಪದ ಗಂಟು. ಈಗ ಅದಕ್ಕೆ ಜೊತೆಯೂ ಸಿಕ್ಕಿದೆ. ಹಿತ್ತಲಿನ ಕಕ್ಕಸಿಗೆ ಹೋದರೆ ಬಾಗಿಲ ಚಿಲಕ ಹಿಡಿದುಕೊಂಡು ಅಳುತ್ತೇನೆ. ಒರೆಸಿದ ಬಟ್ಟೆಯಲ್ಲಿ ರಕ್ತ ಕಾಣುತ್ತದೆ.

ಕಳೆದ ಭಾನುವಾರ ಆರಾಧನೆಯ ಸರದಿ ಈಲೈ ರೇಬರ್ ಮನೆಯದು, ಅವರ ಕಣಜದಲ್ಲಿತ್ತು. ಮನೆಯಿಂದ ಮನೆಗೆ ಬೆಂಚು ಸಾಗಿಸುವ ಗಾಡಿ ಬಂತು, ಒರಗುವುದಕ್ಕೆ ಏನೂ ಇಲ್ಲದ ಆ ಹಲಗೆ ಬೆಂಚುಗಳನ್ನು ಇಳಿಸಿದರು, ಮೂರು ಗಂಟೆ ಕೂತೆವು. ಮೊದಲ ಹಾಡಿಗೆ ಎಡಮಗ್ಗುಲು, ಎರಡನೆಯದಕ್ಕೆ ಬಲಮಗ್ಗುಲು. ಬೋಧಕರು ನೋಹನ ಕಥೆ ಮುಗಿಸಿ ಅಬ್ರಹಾಮನ ಕಥೆಗೆ ಬಂದರು. ಅಬ್ರಹಾಮ ಬೇಗ ಸಾಯಲಿ ಎಂದು ಬೇಡಿಕೊಂಡೆ, ದೇವರು ಕ್ಷಮಿಸಲಿ. ಮೊಣಕಾಲೂರಿ ಪ್ರಾರ್ಥನೆ ಮಾಡುವಾಗ ಮಾತ್ರ ಜೀವ ಬಂತು. ಎಲ್ಲರೂ ಎದ್ದ ಮೇಲೂ ನಾನು ಏಳಲಿಲ್ಲ. ಪಕ್ಕದವಳು ನನ್ನ ಭಕ್ತಿ ಕಂಡು ದಂಗಾದಳು.

ಅಕ್ಕ, ಒಂದು ವಿಷಯ ಮಾತ್ರ ನನಗೆ ಬೆರಗು. ಅದೇ ಹೊತ್ತಿನಲ್ಲಿ ಹೊಟ್ಟೆಯೊಳಗೆ ಮಗು ಹಾಡಿನ ಉದ್ದಕ್ಕೂ ಕುಣಿಯುತ್ತಿತ್ತು. ಒಂದೇ ಮೈಯಲ್ಲಿ, ಒಂದು ಗೇಣಿನ ಅಂತರದಲ್ಲಿ, ಇಷ್ಟು ನೋವೂ ಇಷ್ಟು ಸಂತೋಷವೂ ಇರಲು ಸಾಧ್ಯ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಬೇರೆ ಯಾರಿಗೂ ಹೇಳಲಾಗದ್ದು. ನಾನು ಊಟ ಬಿಟ್ಟಿದ್ದೇನೆ. ಬೆಳಗ್ಗೆ ಮೂರು ಚಮಚ ಜೋಳದ ಗಂಜಿ, ಸಂಜೆ ಸ್ವಲ್ಪ ಹಾಲು. ತಿಂದರೆ ಕಕ್ಕಸಿಗೆ ಹೋಗಬೇಕು, ಅದನ್ನು ನೆನೆದರೇ ಮೈ ಬೆವರುತ್ತದೆ. ಹೆರಿಗೆಯಲ್ಲಿ ಮುಕ್ಕಿದಾಗ ಇದು ಒಡೆದು ರಕ್ತವೆಲ್ಲ ಹರಿದುಹೋದರೆ? ಲಿಡಿಯಾ ಚಿಕ್ಕಮ್ಮ ಹೆರಿಗೆಯಲ್ಲಿ ರಕ್ತ ಹೋಗಿಯೇ ಸತ್ತದ್ದಲ್ಲವೇ? ಎಲ್ಲಿಂದ ಹೋಯಿತು, ಯಾಕೆ ಹೋಯಿತು ಎಂದು ನಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟಿದ್ದಾರೆಯೇ? ಅಮ್ಮನನ್ನು ಕೇಳುವ ಮಾತೇ ಇಲ್ಲ. ನಾನು ದೊಡ್ಡವಳಾದ ದಿನ ಮಡಿಸಿದ ಬಟ್ಟೆಗಳನ್ನು ಹಾಸಿಗೆಯ ಮೇಲಿಟ್ಟು ಹಾಲು ಕರೆಯಲು ಹೋದವಳು ಅವಳು. ನಾವು ಇಷ್ಟು ದೂರ ಬಂದು ನೆಲಸುವುದು ಅವಳಿಗೆ ಇಷ್ಟವಿರಲಿಲ್ಲ. ಬಂದು ಒಂದೂವರೆ ವರ್ಷವಾಯಿತು. ಒಮ್ಮೆಯೂ ನೋಡಲು ಬಂದಿಲ್ಲ, ಬರೆದರೆ ಮಳೆ ಬೆಳೆಯ ಸುದ್ದಿ.

ಇವತ್ತು ಸುತ್ತುಪತ್ರಕ್ಕೂ ಒಂದು ಹಾಳೆ ಬರೆಯಬೇಕು. ದೊಡ್ಡಮ್ಮ ಚಿಕ್ಕಮ್ಮಂದಿರಿಗೆ ಆಲೂಗಡ್ಡೆ ಅಗೆದ ಕಥೆ ಸಾಕು.

ನಿನ್ನ ತಂಗಿ,
ಲವೀನಾ


ಲಾಗ್ರೇಂಜ್, ಇಂಡಿಯಾನಾ
ಆಗಸ್ಟ್ 22, 1991

ಲವೀನಾ,

ನಿನ್ನ ಆಲೂಗಡ್ಡೆ ಚೆನ್ನಾಗಿ ಬಂದದ್ದು ಕೇಳಿ ಖುಷಿಯಾಯಿತು. ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ ನಲವತ್ತು ಬಾಟಲಿಯಂತೆ, ಭೇಷ್. ಆದರೆ ಈ ಹಾಳೆ "ಪ್ರೀತಿಯ ದೊಡ್ಡಮ್ಮ ಚಿಕ್ಕಮ್ಮಂದಿರಿಗೆ" ಎಂದು ಶುರುವಾಗಿದೆ. ನಾನು ಯಾವಾಗ ನಿನಗೆ ದೊಡ್ಡಮ್ಮನಾದೆ?

ನಗುತ್ತಾ ಓದಿದೆ, ಓದಿ ಮುಗಿಸಿ ಲಕೋಟೆ ತಿರುಗಿಸಿ ನೋಡಿದೆ, ಮೇಲೆ ನನ್ನದೇ ಹೆಸರು. ಇದು ಇಲ್ಲಿಗೆ ಬಂದಿದ್ದರೆ ನನಗೆ ಬರೆದದ್ದು ಎಲ್ಲಿಗೆ ಹೋಯಿತು? ಅದರಲ್ಲಿ ಏನು ಬರೆದಿದ್ದೀಯ, ಹುಡುಗಿ?

ಸುತ್ತುಪತ್ರದ ಕಟ್ಟಳೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಮ್ಮನ ಅಕ್ಕತಂಗಿಯರು ಲಿಡಿಯಾ ಚಿಕ್ಕಮ್ಮನ ಜಾಗಕ್ಕೆ ಸೇರಿಸಿಕೊಂಡದ್ದು ನಿನ್ನನ್ನು, ನನ್ನನ್ನಲ್ಲ. ಕಟ್ಟು ಬಂದಾಗ ಎಲ್ಲರ ಹಾಳೆ ಓದಬೇಕು, ತನ್ನ ಹಳೆಯ ಹಾಳೆ ತೆಗೆದು ಹೊಸದು ಹಾಕಬೇಕು, ಮುಂದಿನವಳಿಗೆ ಕಳಿಸಬೇಕು. ಇನ್ನೊಬ್ಬಳ ಹಾಳೆಯನ್ನು ಯಾರೂ ತೆಗೆಯುವ ಹಾಗಿಲ್ಲ, ಅದು ಅಜ್ಜಿಯ ಕಾಲದ ಮಾತು. ಎಮಲೈನ್ ದೊಡ್ಡಮ್ಮನಿಗೆ ಬರೆದು ವಾಪಸು ಕೇಳೋಣವೆಂದರೆ ಅವಳು ಕಟ್ಟನ್ನು ಮೂರು ದಿನಕ್ಕಿಂತ ಇಟ್ಟುಕೊಂಡವಳಲ್ಲ, ಆಗಲೇ ಸೂಸಿ ದೊಡ್ಡಮ್ಮನ ಕೈ ಸೇರಿರುತ್ತದೆ. ಐದು ಮನೆ ಸುತ್ತಿ ಆರನೆಯದಾಗಿ ಅಮ್ಮನ ಹತ್ತಿರ ಹೋಗುತ್ತದೆ. ಏನಿತ್ತು ಅದರಲ್ಲಿ, ಕೂಡಲೇ ಬರೆ.

ಓರ್ಫಾ


ಬ್ಲ್ಯಾಕ್‌ಬ್ರೂಕ್ ರಸ್ತೆ
ಆಗಸ್ಟ್ 31, 1991

ಅಕ್ಕ,

ನಾನು ಸತ್ತೆ ಅಂತಲೇ ತಿಳಿದುಕೋ. ಅದರಲ್ಲಿ ಎಲ್ಲವೂ ಇತ್ತು. ಮೂಲವ್ಯಾಧಿ, ದ್ರಾಕ್ಷಿ, ರಕ್ತ, ಕಕ್ಕಸಿನ ಚಿಲಕ, ಅಬ್ರಹಾಮ ಸಾಯಲಿ ಎಂದದ್ದು, ಲಿಡಿಯಾ ಚಿಕ್ಕಮ್ಮ, ಅಮ್ಮನ ಬಗ್ಗೆ ಬರೆದದ್ದು. ಹೆದರಿಕೆಗೆ ಊಟ ಬಿಟ್ಟದ್ದೂ ಇತ್ತು. ಹೌದು, ಬಿಟ್ಟಿದ್ದೇನೆ. ಕಕ್ಕಸಿಗೆ ಹೋಗುವುದು ತಪ್ಪಲಿ ಎಂದು ಮೂರು ಚಮಚ ಗಂಜಿಯಲ್ಲಿ ದಿನ ದೂಡುತ್ತಿದ್ದೇನೆ. ತಲೆ ಮೇಲೆ ಟೋಪಿಯಿಲ್ಲದೆ ಆರಾಧನೆಗೆ ಹೋಗಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಈಗ ಆ ಹಾಳೆ ಕಾನ್ಸಾಸ್ ದಾಟಿ ಮಿಸೌರಿಯಲ್ಲಿರಬೇಕು, ಎಪ್ಪತ್ತು ವರ್ಷದ ಸೂಸಿ ದೊಡ್ಡಮ್ಮನ ಕೈಯಲ್ಲಿ. ಅವಳು ತನ್ನ ಜನ್ಮದಲ್ಲಿ 'ಹೊಟ್ಟೆ' ಎಂಬ ಪದವನ್ನೂ ಜೋರಾಗಿ ಹೇಳಿದವಳಲ್ಲ.

ಗುರುವಾರ ಸೂಲಗಿತ್ತಿ ಕೆಟೂರಾ ಬಂದಿದ್ದಳು. ಅಳತೆಪಟ್ಟಿ ಹಿಡಿದು ಹೊಟ್ಟೆ ಅಳೆದಳು. ಮತ್ತೊಮ್ಮೆ ಅಳೆದಳು. ನನಗೆ ಆಗಲೇ ಗೊತ್ತಾಯಿತು.

"ಮಗು ಎರಡು ವಾರ ಹಿಂದಿದೆ ಕಣೇ. ಸರಿಯಾಗಿ ಉಣ್ತಿದೀಯಾ?"

"ಉಣ್ತಿದೀನಿ."

"ಏನುಣ್ತೀಯ?"

"ಎಲ್ಲಾನೂ."

"ಎಲ್ಲಾನೂ ಉಂಡೋಳ ಮುಖ ಹಿಂಗಿರಲ್ಲ. ಕೂತ್ಕೋ, ಮಾತಾಡೋಣ."

"ಬೇಡ, ಒಲೆ ಮೇಲೆ ಟೊಮೇಟೊ ಇದೆ" ಎಂದು ನಿಂತೇ ಇದ್ದೆ. ಒಲೆ ತಣ್ಣಗಿತ್ತು. ಅವಳು ಒಲೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಎರಡು ವಾರ ಬಿಟ್ಟು ಬರುತ್ತೇನೆ, ಆಗಲೂ ಹೀಗೇ ಇದ್ದರೆ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಗಾಡಿ ಹತ್ತಿದಳು.

ಅವಳು ಹೋದ ಮೇಲೆ ಒಂದು ಬ್ರೆಡ್ ಚೂರಿಗೆ ಬೆಣ್ಣೆ ಸವರಿ ಕೈಯಲ್ಲಿ ಹಿಡಿದುಕೊಂಡೆ. ಮಗುವಿಗೋಸ್ಕರ ತಿನ್ನು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಸಲ ಕಚ್ಚಿದೆ, ಕಕ್ಕಸು ನೆನಪಾಯಿತು, ಉಳಿದದ್ದನ್ನು ಕೋಳಿಗೆ ಹಾಕಿದೆ. ನನ್ನ ಮಗುವಿನ ಊಟವನ್ನು ಕೋಳಿಗೆ ಹಾಕುವಂಥವಳು ನಾನು ಎಂದು ನನಗೆ ಗೊತ್ತಿರಲಿಲ್ಲ.

ಕಟ್ಟಿಕೊಂಡ ಗಂಡ ಎನೋಸ್‌ಗೂ ನಾನು ಏನೂ ಹೇಳಿಲ್ಲ. ಆದರೂ ನಿನ್ನೆ ನನ್ನ ಕುರ್ಚಿಯನ್ನು ಕೊಟ್ಟಿಗೆಗೆ ಹೊತ್ತುಕೊಂಡು ಹೋಗಿ, ಹಲಗೆಯ ನಡುವೆ ದುಂಡಗೆ ಒಂದು ತೂತು ಕೊರೆದು, ಅಂಚನ್ನು ಉಜ್ಜಿ ನಯಮಾಡಿ ತಂದಿಟ್ಟ.

"ಏನಿದು?"

"ಗಾಳಿಯಾಡ್ಲಿ ಅಂತ" ಎಂದು ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದ.

ಲವೀನಾ


ಲಾಗ್ರೇಂಜ್
ಸೆಪ್ಟೆಂಬರ್ 7, 1991

ಲವೀನಾ,

ಎನೋಸ್ ಒಳ್ಳೆಯವನು. ನೀನು ಮಾತ್ರ ಪೆದ್ದಿ.

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಕೋಪ ಬಂತು, ಆಮೇಲೆ ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ತಂತಿಯಿಂದ ಎಳೆದು ತಂದೆ. ಕೋಳಿಗೆ ಹಾಕಿದೆಯಂತೆ! ಮದುವೆಯಾಗಿ ಏಳು ವರ್ಷವಾಯಿತು. ನಾನು ಯಾವತ್ತೂ ನಿನ್ನ ಹತ್ತಿರ ಹೇಳಿಕೊಂಡಿಲ್ಲ, ಇವತ್ತು ಹೇಳುತ್ತೇನೆ. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು. ಒಂದು ಮೂರು ತಿಂಗಳಿಗೆ. ಇನ್ನೊಂದು ಐದಕ್ಕೆ, ಅದಕ್ಕೆ ಬೆರಳುಗಳೂ ಬಂದಿದ್ದವು. ರೂಬೆನ್ ಅದನ್ನು ಪಿಯರ್ ಮರದ ಬುಡದಲ್ಲಿ ಮಣ್ಣುಮಾಡಿದ. ಮಾರನೆಯ ಭಾನುವಾರ ನಾನೂ ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ನಿನ್ನ ಗಂಟುಗಳನ್ನು ನನಗೆ ಕೊಡಲು ಬರುವ ಹಾಗಿದ್ದರೆ ಹತ್ತಿದ್ದರೂ ತೆಗೆದುಕೊಂಡು ಕುಣಿಯುತ್ತಿದ್ದೆ.

ನಿನ್ನ ನೋವು ಸಣ್ಣದು ಎನ್ನುತ್ತಿಲ್ಲ. ನನಗೆ ಅದು ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅಳೆಯಲಾರೆ. ಆದರೆ ಆ ಮಗು ಬೇಕು. ನಿನಗೆ ಬೇಕು, ನನಗೂ ಬೇಕು. ತಿನ್ನು. ಕೆಟೂರಾಗೆ ಹೇಳು. ಈ ತಿಂಗಳೊಳಗೆ ನೀನು ಹೇಳದಿದ್ದರೆ ನಾನೇ ಅವಳಿಗೆ ಬರೆಯುತ್ತೇನೆ, ದ್ರಾಕ್ಷಿಯ ಸಮೇತ.

ನಿನ್ನ ಅಕ್ಕ


ಬ್ಲ್ಯಾಕ್‌ಬ್ರೂಕ್ ರಸ್ತೆ
ಸೆಪ್ಟೆಂಬರ್ 23, 1991

ಅಕ್ಕ,

ನಿನ್ನ ಕಾಗದವನ್ನು ದಿನಾ ಓದುತ್ತೇನೆ. ಬೆರಳುಗಳ ಸಾಲಿಗೆ ಬಂದಾಗ ಪ್ರತಿ ಸಲವೂ ನಿಲ್ಲುತ್ತೇನೆ. ನಿನಗೆ ಏನು ಬರೆಯಬೇಕೋ ತಿಳಿಯುವುದಿಲ್ಲ. ನೀನು ನನ್ನ ಅಕ್ಕನೆಂದು ಹೆಮ್ಮೆ ಪಡುವುದಷ್ಟೇ ಗೊತ್ತು.

ನಿನಗಾಗಿ ಐದು ದಿನ ಉಂಡೆ. ಆದರೆ ಗಂಟು ಈ ವಾರ ನೀಲಿಗಟ್ಟಿ ಕಲ್ಲಾಗಿದೆ. ನಿನ್ನೆಯ ಆರಾಧನೆಯಲ್ಲಿ ಮೊದಲ ಹಾಡಿಗೇ ಎದ್ದು ಅಡುಗೆಮನೆಗೆ ಹೋದೆ. ಬೀಟ್‌ರೂಟ್ ಹೆಚ್ಚುವ ನೆಪದಲ್ಲಿ ಮೂರು ಗಂಟೆ ಗೋಡೆಗೆ ಹಣೆಯೊತ್ತಿ ನಿಂತಿದ್ದೆ. ಮತ್ತೆ ಗಂಜಿಗೇ ಇಳಿದಿದ್ದೇನೆ. ಕೆಟೂರಾ ಬಂದು ಅಳೆದಳು, ಹೊಟ್ಟೆ ಅರ್ಧ ಬೆರಳೂ ಬೆಳೆದಿರಲಿಲ್ಲ. ಇನ್ನು ಸ್ವಲ್ಪ ದಿನ ಬಿಡು, ಈಗ ಉಣ್ಣುತ್ತಿದ್ದೇನೆ ಎಂದು ಬೇಡಿಕೊಂಡು ಆಸ್ಪತ್ರೆಯ ಮಾತನ್ನು ಮುಂದೂಡಿಸಿದೆ. ಹೇಳೋಣವೆಂದು ಬಾಯಿ ತೆರೆದೆ, ಕಾಫಿ ಬೇಕೇ ಎಂದು ಕೇಳಿಬಿಟ್ಟೆ. ಮಗು ಮೊದಲಿನಷ್ಟು ಕುಣಿಯುವುದಿಲ್ಲ ಎಂಬುದನ್ನೂ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ದೊಡ್ಡಮ್ಮ ಚಿಕ್ಕಮ್ಮಂದಿರಿಂದ ಒಂದು ಸಾಲೂ ಇಲ್ಲ. ಆರು ವಾರವಾಯಿತು. ನನ್ನನ್ನು ಸುತ್ತಿನಿಂದ ತೆಗೆದುಹಾಕಿರಬೇಕು.

ಲವೀನಾ


ಬ್ಲ್ಯಾಕ್‌ಬ್ರೂಕ್ ರಸ್ತೆ
ಅಕ್ಟೋಬರ್ 3, 1991

ಓರ್ಫಕ್ಕ,

ಮಂಗಳವಾರ ಕಟ್ಟು ಬಂತು. ಟಪಾಲಿನವನು ಪೆಟ್ಟಿಗೆಗೆ ತುರುಕಲಾಗದೆ ಜಗಲಿಯ ಮೇಲಿಟ್ಟು ಹೋಗಿದ್ದ. ಯಾವಾಗಲೂ ಲಕೋಟೆಯಲ್ಲಿ ಬರುವುದು ಈ ಸಲ ಮಗ್ಗುಲು ಉಬ್ಬಿ, ಸುತ್ತಲೂ ಹುರಿ ಬಿಗಿದುಕೊಂಡಿತ್ತು. ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನ ಹಾಳೆ ಎಲ್ಲಕ್ಕಿಂತ ಮೇಲಿತ್ತು, ಮಡಿಕೆಗಳು ಸವೆದಿದ್ದವು. ಆರು ಮನೆಗಳಲ್ಲಿ ಎಷ್ಟು ಸಲ ಬಿಚ್ಚಿ ಮಡಿಸಿದ್ದಾರೋ!

ನಿನಗೋಸ್ಕರ ಕೆಲವನ್ನು ನಕಲು ಮಾಡುತ್ತೇನೆ. ಎಮಲೈನ್ ದೊಡ್ಡಮ್ಮ ಗೋಧಿ, ಬಿರುಗಾಳಿ, ಮೊಮ್ಮಗನ ಮದುವೆ ಎಲ್ಲ ಮುಗಿಸಿ, ಹಾಳೆಯ ಕೊನೆಯಲ್ಲಿ ಹೀಗೆ ಬರೆದಿದ್ದಾಳೆ:

"ಲವೀನಾ, ನಿನ್ನ ಹಾಳೆ ತಪ್ಪಿ ಬಂದದ್ದೆಂದು ಎರಡನೆಯ ಸಾಲಿನಲ್ಲೇ ಗೊತ್ತಾಯಿತು. ಓದದೆ ಮುಂದೆ ಕಳಿಸಬೇಕಿತ್ತು. ಓದಿದೆ. ನಾಲ್ಕನೆಯವನು ಹೊಟ್ಟೆಯಲ್ಲಿದ್ದಾಗ ನಾನು ಹನ್ನೊಂದು ವಾರ ಕೂರಲಿಲ್ಲ. ನಿನ್ನ ದೊಡ್ಡಪ್ಪನಿಗೆ ಕಾಲುನೋವು ಎಂದು ಸುಳ್ಳು ಹೇಳಿದೆ. ಅವನು ಪಾಪ ಹನ್ನೊಂದು ವಾರ ನನ್ನ ಕಾಲೊತ್ತಿದ. ನಲವತ್ತೆರಡು ವರ್ಷದ ಮೇಲೆ ಇದನ್ನು ಮೊದಲು ಓದುತ್ತಿರುವವಳು ನೀನು."

ಅಕ್ಕ, ನಾನು ಜೋರಾಗಿ ನಕ್ಕೆ. ಮುಂದಿನದು ಸೂಸಿ ದೊಡ್ಡಮ್ಮನದು. ಬೀನ್ಸ್ ಬಾಟಲಿಗಳ ಲೆಕ್ಕ, ಹಿರಿಯರೊಬ್ಬರ ಸಾವು, ಅದರ ಕೆಳಗೆ ಒಂದೇ ಪದ: "ನನಗೂ." ಆ ಪದವನ್ನು ಎಷ್ಟು ಒತ್ತಿ ಬರೆದಿದ್ದಾಳೆಂದರೆ ಹಾಳೆಯ ಹಿಂದೆ ಅಕ್ಷರ ಕೈಗೆ ಸಿಗುತ್ತದೆ.

ತಿಲ್ಲಿ ಚಿಕ್ಕಮ್ಮನಿಗೆ ಅಷ್ಟರಲ್ಲಿ ಧೈರ್ಯ ಬಂದಿದೆ. ಒಂದೂವರೆ ಪುಟ. ಮಟಮಟ ಮಧ್ಯಾಹ್ನ ಲಂಗ ಎತ್ತಿಕಟ್ಟಿ ತಣ್ಣನೆಯ ಹೊಳೆಯಲ್ಲಿ ಕೂರುತ್ತಿದ್ದಳಂತೆ. ಒಂದು ದಿನ ಹದಿನಾಲ್ಕು ಹಸುಗಳು ಬಂದು ಸುತ್ತ ನಿಂತು ನೋಡಿದವಂತೆ, ಅವುಗಳ ಹಿಂದೆಯೇ ಬೋಧಕರು. "ನಾನು ಪಾತ್ರೆ ತೊಳೀತಿದೀನಿ ಅಂದೆ. ಕೈಯಲ್ಲಿ ಒಂದು ಚಮಚಾನೂ ಇರಲಿಲ್ಲ" ಎಂದು ಬರೆದಿದ್ದಾಳೆ.

ಫ್ರೋನಿ ಚಿಕ್ಕಮ್ಮ ಔಷಧಿಗಿಳಿದಿದ್ದಾಳೆ. ಕಟ್ಟು ಉಬ್ಬಿದ್ದು ಅವಳಿಂದ: ಹಳೆಯ ಹತ್ತಿಬಟ್ಟೆಯ ಚೌಕಗಳು, ಒಂದು ಚೀಲ ಒಣಗಿದ ಪ್ಲಮ್ ಹಣ್ಣು. ಅವಳ ಮಾತು: "ಎಡಮಗ್ಗುಲಾಗಿ ಮಲಗು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡು, ಆಮೇಲೆ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕೂರು. ಕಕ್ಕಸಿನಲ್ಲಿ ಕಾಲಿನ ಕೆಳಗೆ ಒಂದು ಗಿಡ್ಡ ಮಣೆ ಹಾಕು, ಮುಕ್ಕಬೇಡ. ಉಪವಾಸವಿದ್ದರೆ ಮಲ ಕಲ್ಲಾಗಿ ಇನ್ನಷ್ಟು ಹರಿಯುತ್ತದೆ, ಪೆದ್ದೀ. ಹೊಟ್ಟು ತೆಗೆಯದ ಗೋಧಿ ತಿನ್ನು, ನೀರು ಕುಡಿ, ಸೂಲಗಿತ್ತಿಗೆ ತೋರಿಸು. ಅವಳು ಇದಕ್ಕಿಂತ ಕೆಟ್ಟದ್ದನ್ನು ತಿಂಡಿಗೆ ಮೊದಲೇ ನೋಡಿರುತ್ತಾಳೆ."

ಆಮೇಲೆ ಗೆರ್ಟಿ ಚಿಕ್ಕಮ್ಮ. ಇದನ್ನು ಹಾಗೆಯೇ ಬರೆಯುತ್ತೇನೆ:

"ಲಿಡಿಯಾಳ ಹೆರಿಗೆಯಲ್ಲಿ ನಾನಿದ್ದೆ. ನನಗೆ ಹತ್ತೊಂಬತ್ತು. ಮಗು ಬಂತು, ಮಾಸು ಬೀಳಲಿಲ್ಲ. ರಕ್ತ ಗರ್ಭದಿಂದ ಹೋಯಿತು, ನಿಲ್ಲಲಿಲ್ಲ. ನಾನು ಅವಳ ತಲೆ ಹಿಡಿದುಕೊಂಡಿದ್ದೆ. ಅವಳಿಗೆ ನಿನ್ನ ತೊಂದರೆ ಇರಲೇ ಇಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ನೀನು ಕೇಳಿದೆ. ಆ ಹೆದರಿಕೆಗೆ ಮಗುವನ್ನು ಉಪವಾಸ ಕೆಡವಬೇಡ."

ಒಗೆಯುವ ತೊಟ್ಟಿಗೆ ಒರಗಿ ಅತ್ತೆ. ಅಕ್ಕ, ನಾವು ಚಿಕ್ಕವರಿದ್ದಾಗ ಸಾಲಾಗಿ ಕೂರುತ್ತಿದ್ದ ಈ ಹೆಂಗಸರನ್ನು ನೆನಪು ಮಾಡಿಕೋ. ಕಪ್ಪು ಶಾಲು, ಬಿಳಿ ಟೋಪಿ, ಮಡಿಲಲ್ಲಿ ಕೈ. ಆ ಬೆಂಚುಗಳ ಮೇಲೆ ಅವರು ಏನೇನು ಹೊತ್ತು ಕೂತಿದ್ದರು! ಒಂದು ಮುಖವೂ ಅಲುಗುತ್ತಿರಲಿಲ್ಲ.

ಮಧ್ಯಾಹ್ನವೇ ಎನೋಸ್‌ನನ್ನು ಕಳಿಸಿ ಕೆಟೂರಾಳನ್ನು ಕರೆಸಿದೆ. ತೋರಿಸಿದೆ. "ಅಯ್ಯೋ ನನ್ನ ಕಂದಾ, ಇದನ್ನ ಇಟ್ಕೊಂಡು ಎರಡು ತಿಂಗಳು ಒಬ್ಬಳೇ ಒದ್ದಾಡಿದ್ಯಾ?" ಎಂದಳು. ಬೈಯಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದೆ, ಈಗಾಗಲೇ ಕರಗುತ್ತಿದೆ, ಹೆರಿಗೆಗೆ ಇದು ಅಡ್ಡಿಯಲ್ಲ ಎಂದಳು. ಮಾರನೆಯ ದಿನ ಪಟ್ಟಣದ ಡಾಕ್ಟರರ ಹತ್ತಿರವೂ ಕರೆದುಕೊಂಡು ಹೋದಳು, ಅವರೂ ಅದನ್ನೇ ಹೇಳಿದರು. ಮಗುವಿನ ಎದೆಬಡಿತ ಚೆನ್ನಾಗಿದೆಯಂತೆ, ಮೈ ಮಾತ್ರ ಸಣ್ಣ. ಆ ರಾತ್ರಿ ಎರಡು ಬಟ್ಟಲು ಬೀನ್ಸ್ ಕಾಳಿನ ಸಾರು ಕುಡಿದೆ. ಇವತ್ತು ಬೆಳಗ್ಗೆ ಗಿಡ್ಡ ಮಣೆ ಹಿಡಿದುಕೊಂಡು ಕಕ್ಕಸಿಗೆ ಹೋದೆ. ಅತ್ತೆ, ಆದರೆ ಬದುಕಿ ಬಂದೆ.

ಕೊನೆಯ ಹಾಳೆ ಅಮ್ಮನದು. ಪೂರ್ತಿ ಇಷ್ಟೇ: "ಸೇಬು ಕಿತ್ತಾಯಿತು. ಈ ಸಲ ಹುಳು ಕಡಿಮೆ. ಒಂಬತ್ತನೇ ತಾರೀಖು ಬಸ್ಸಿನಲ್ಲಿ ಅಲ್ಲಿಗೆ ಬರುತ್ತೇನೆ. ಡೇನಾ."

ಯಾಕೆ ಬರುತ್ತಾಳೆ? ಬೈಯುವುದಕ್ಕಾ?

ಲವೀನಾ


ಬ್ಲ್ಯಾಕ್‌ಬ್ರೂಕ್ ರಸ್ತೆ
ಅಕ್ಟೋಬರ್ 11, 1991

ಅಕ್ಕ,

ಅಮ್ಮ ಬಂದಿದ್ದಾಳೆ. ಅವಳು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಳೆ, ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಬಸ್ಸಿನಿಂದ ಇಳಿದವಳೇ ಎನೋಸ್‌ನ ಕುದುರೆಗಾಡಿ ನೋಡಿ, "ನಾನು ನಡ್ಕೊಂಡೇ ಬರ್ತೀನಿ" ಎಂದಳಂತೆ. ಮೂರು ಮೈಲಿ. ಅವನು ಪಕ್ಕದಲ್ಲಿ ಗಾಡಿ ಹೊಡೆಯುತ್ತಾ, ಅವಳು ನಡೆಯುತ್ತಾ. ಮನೆಗೆ ಬಂದು ಟೋಪಿ ಸರಿಮಾಡಿಕೊಂಡು ನನ್ನ ಮುಂದೆ ನಿಂತಳು.

"ಬಸ್ಸಲ್ಲಿ ಬಂದು ಸುಸ್ತಾಗಿರ್ತೀಯ, ಕೂತ್ಕೋ ಅಮ್ಮ" ಎಂದೆ.

"ಕೂರೋಕಾಗಲ್ಲ ಕಣೇ" ಎಂದಳು. "ಬಸ್ಸಲ್ಲೂ ಕೂತಿಲ್ಲ. ಸೀಟಿನ ಮೇಲೆ ಮೊಣಕಾಲೂರಿ, ಹಿಂದಕ್ಕೆ ಮುಖ ಹಾಕ್ಕೊಂಡು ಬಂದೆ. ಡ್ರೈವರು ಎರಡು ಸಲ ಗದರಿದ. ಆಮೇಲೆ, ಈ ಕುದುರೆಗಾಡಿ ಪಂಗಡದೋರು ಹಿಂಗೇ ಪ್ರಾರ್ಥನೆ ಮಾಡ್ತಾರೇನೋ ಅಂತ ಸುಮ್ಮನಾದ."

"ಹದಿನಾಲ್ಕು ಗಂಟೆ?"

"ನಿನ್ನನ್ನ ಹೆತ್ತಾಗ ಬಂದದ್ದು. ಇಪ್ಪತ್ತೆರಡು ವರ್ಷ ಆಯ್ತು. ಹೋಗುತ್ತೆ, ಬರುತ್ತೆ. ಬಂದಾಗ ಹಿಂಗೇ."

ಅಕ್ಕ, ಯೋಚಿಸು. ಅಮ್ಮ ನಮ್ಮ ಜೊತೆ ಊಟಕ್ಕೆ ಕೂತದ್ದನ್ನು ನೀನು ಎಷ್ಟು ಸಲ ನೋಡಿದ್ದೀಯ? ಯಾವಾಗಲೂ ಒಲೆಯ ಹತ್ತಿರ, ತಟ್ಟೆ ಕೈಯಲ್ಲಿ, ನಿಂತೇ ಉಂಡು ಮುಗಿಸುತ್ತಿದ್ದಳು. ನಾವು ಅವಳನ್ನು ಕಟುಮನುಷ್ಯಳು ಎನ್ನುತ್ತಿದ್ದೆವು. ನಮ್ಮ ಜೊತೆ ಕೂರುವಷ್ಟೂ ಪ್ರೀತಿಯಿಲ್ಲ ಎಂದು ನಾನು ಒಂದು ಸಲ ಅವಳ ಮುಖಕ್ಕೇ ಹೇಳಿದ್ದೇನೆ. ಅವಳು ಸುಮ್ಮನೆ ನನಗೆ ಇನ್ನೊಂದು ಸೌಟು ಬಡಿಸಿದಳು. ನನಗೆ ಆಗ ಹದಿನಾರು. ಈಗ ನೆನೆದರೆ ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕೆನಿಸುತ್ತದೆ.

"ಅದಕ್ಕೇ ನಮ್ಮನ್ನ ನೋಡೋಕೆ ಬರಲಿಲ್ವಾ?" ಎಂದು ಕೇಳಿದೆ.

"ಅದೂ ಒಂದು. ಸಿಟ್ಟೂ ಇತ್ತು" ಎಂದಳು. ಅಮ್ಮ ಸುಳ್ಳು ಹೇಳುವುದಿಲ್ಲ.

"ನಂಗ್ಯಾಕೆ ಮೊದಲೇ ಹೇಳಲಿಲ್ಲ? ಹಿಂಗಾಗಬಹುದು ಅಂತ?"

ಅವಳು ಟೋಪಿಯ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ನಮ್ಮಮ್ಮ ನಂಗೆ ಹೇಳಿರಲಿಲ್ಲ. ಹೇಳದೇ ಇರೋದೇ ಮರ್ಯಾದೆ ಅಂದ್ಕೊಂಡಿದ್ದೆ. ನಿನ್ನ ಹಾಳೆ ಓದಿದ ದಿನ ನಂಗೆ ಊಟ ಸೇರಲಿಲ್ಲ. ನನ್ನ ಮಗಳು ಅಲ್ಲಿ ಉಪವಾಸ ಇದಾಳೆ, ನಾನಿಲ್ಲಿ ಸೇಬು ಕೀಳ್ತಿದೀನಿ."

ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದೆವು. ತೂತಿನ ಕುರ್ಚಿಯ ಮೇಲೆ ಎನೋಸ್ ಒಬ್ಬನೇ ಕೂತಿದ್ದ. ಅಮ್ಮ ನನ್ನ ತಟ್ಟೆ ಖಾಲಿಯಾಗುವವರೆಗೆ ಕಣ್ಣು ತೆಗೆಯಲಿಲ್ಲ. ಕೆಟೂರಾ ನಿನ್ನೆ ಅಳೆದಳು, ವಾರದಲ್ಲಿ ಒಂದು ಬೆರಳು ಬೆಳೆದಿದೆ.

ಲವೀನಾ


ಬ್ಲ್ಯಾಕ್‌ಬ್ರೂಕ್ ರಸ್ತೆ
ಅಕ್ಟೋಬರ್ 17, 1991

ಓರ್ಫಾ,

ಲವೀನಾ ಮಲಗಿದ್ದಾಳೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನಗೆ ಉದ್ದ ಕಾಗದ ಬರೆದು ಅಭ್ಯಾಸವಿಲ್ಲ.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಹೆಣ್ಣು ಮಗು. ಐದು ಪೌಂಡು ಹತ್ತು ಔನ್ಸು. ಸಣ್ಣ ಮೈ, ದೊಡ್ಡ ಗಂಟಲು. ಅಡಾ ಎಂದು ಹೆಸರಿಟ್ಟಿದ್ದಾರೆ, ನಮ್ಮ ಕಡೆ ಯಾರಿಗೂ ಇಲ್ಲದ ಹೆಸರು. ತಾಯಿ ಆರೋಗ್ಯವಾಗಿದ್ದಾಳೆ. ಅವಳು ಹೆದರಿದ್ದು ಯಾವುದೂ ಆಗಲಿಲ್ಲ. ನೋವಾಯಿತು, ಬಹಳ ಆಯಿತು, ಅಷ್ಟೇ.

ಕೆಟೂರಾ ಅವಳನ್ನು ಮಲಗಿಸಲಿಲ್ಲ, ಹಾಸಿಗೆಯ ಪಕ್ಕ ಮೊಣಕಾಲೂರಿಸಿದಳು. ನನ್ನ ಕೈಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಕೊಟ್ಟು, "ನೀವು ಇದನ್ನ ಅಲ್ಲಿ ಒತ್ತಿ ಹಿಡ್ಕೊಳ್ಳಿ, ಅವಳು ಮುಕ್ಕುವಾಗ ಬಿಡಬೇಡಿ" ಎಂದಳು. ಆ ಜಾಗದ ಹೆಸರನ್ನೇ ನಾನು ಜನ್ಮದಲ್ಲಿ ಹೇಳಿರಲಿಲ್ಲ. ಎರಡು ಗಂಟೆ ಅಂಗೈ ಒತ್ತಿ ಹಿಡಿದಿದ್ದೆ. ಅವಳು ಮುಕ್ಕಿದಾಗ ಆ ಬಲವೆಲ್ಲ ನನ್ನ ಕೈಗೆ ಬರುತ್ತಿತ್ತು. ಗಾಡಿ ಎಳೆಯುವ ಕುದುರೆಯ ಮೈಗೆ ಕೈಯಿಟ್ಟರೆ ಆಗುತ್ತದಲ್ಲ, ಹಾಗೆ. ಇಷ್ಟು ಬಲ ಇವಳಲ್ಲಿ ಎಲ್ಲಿತ್ತು ಎಂದುಕೊಂಡೆ.

ನಾನು ಒಂಬತ್ತು ಹೆತ್ತಿದ್ದೇನೆ, ಓರ್ಫಾ. ಆದರೆ ಹೆರುವುದನ್ನು ನೋಡಿರಲಿಲ್ಲ. ಹೆರುವವಳಿಗೆ ಛಾವಣಿಯೊಂದೇ ಕಾಣುವುದು. ಮಂಗಳವಾರ ಮೊದಲ ಸಲ ನೋಡಿದೆ. ತಲೆ ಬಂತು, ಹಣೆ ಬಂತು, ಮೂಗು ಬಂತು. ಇನ್ನೂ ಅರ್ಧ ಒಳಗಿರುವಾಗಲೇ ಅದು ಕಣ್ಣುಬಿಟ್ಟು ನನ್ನನ್ನು ನೋಡಿತು. ಅರವತ್ತೊಂದು ವರ್ಷ ಬದುಕಿದ್ದೇನೆ, ಅಂಥದ್ದನ್ನು ನಾನು ಕಂಡಿಲ್ಲ. ನನ್ನ ಬಾಯಿಂದ ಏನೋ ಶಬ್ದ ಬಂತಂತೆ, ಅಮ್ಮ ಹಾಡ್ತಿದ್ದಳು ಎನ್ನುತ್ತಾಳೆ ಲವೀನಾ. ನನಗೆ ನೆನಪಿಲ್ಲ. ನೀವೆಲ್ಲರೂ ಹೀಗೇ ಬಂದಿರಿ ಎಂದು ಗೊತ್ತಾದದ್ದು ಆಗ.

ಅದಾದ ಮೇಲೆ ನಿನ್ನ ನೆನಪೇ ಆಗುತ್ತಿದೆ.

ಎರಡು ಸಲವೂ ನನಗೆ ಗೊತ್ತಿತ್ತು. ಮೊದಲ ಸಲ ನಿನ್ನ ಮುಖ ನೋಡಿ ತಿಳಿಯಿತು. ಎರಡನೆಯ ಸಲ ನೀನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಂದೆ, ಲಂಗದ ಪಟ್ಟಿ ಸಡಿಲಿಸಿದ್ದವಳು ಮತ್ತೆ ಬಿಗಿ ಮಾಡಿದ್ದೆ. ನಾನು ನಿನಗೆ ಎರಡು ಬಾಟಲಿ ಸೇಬಿನ ಮುರಬ್ಬ ಕೊಟ್ಟು ಕಳಿಸಿದೆ. ಕೇಳಿದರೆ ನಿನಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಕೇಳಲು ನನಗೆ ಹೆದರಿಕೆಯಾಗಿತ್ತು. ನಿನ್ನನ್ನು ಏಳು ವರ್ಷ ಒಬ್ಬಳನ್ನೇ ಬಿಟ್ಟೆ. ಅದು ತಪ್ಪು, ನನ್ನ ತಪ್ಪು.

ಇಲ್ಲಿ ಒಂದು ತಿಂಗಳು ಇರುತ್ತೇನೆ. ನವೆಂಬರ್ ಹದಿನೆಂಟಕ್ಕೆ ಹೊರಟು ಓಹಾಯೋದ ನಮ್ಮ ಮನೆಗೆ ಹೋಗದೆ ನೇರ ನಿನ್ನ ಮನೆಗೆ ಬರುತ್ತೇನೆ. ಆ ಇಬ್ಬರಿಗೂ ನಾನು ಅಜ್ಜಿಯಲ್ಲವೇ? ಅವರನ್ನು ಎಲ್ಲಿಟ್ಟಿದ್ದೀರೆಂದು ತೋರಿಸು. ಅವರ ವಿಷಯ ಮೊದಲಿನಿಂದ ಕೊನೆಯವರೆಗೆ ನನಗೆ ಹೇಳು.

ಅಮ್ಮ